ಮೂವತ್ತರಿಂದ ಇಪ್ಪತ್ತೇಳೂವರೆಗೆ

ಹಿತ್ತಾಳೆಯದು ಏನು ಕಂಡರೂ ಅವರು ಉಗುರಿನಿಂದ ಒಮ್ಮೆ ಚಿಮ್ಮಿ ನೋಡುತ್ತಿದ್ದರು. ನಮ್ಮ ಮನೆಯ ದೇವರ ಗಂಟೆ, ಸಿಂಗಪುರದ ಯಿಶುನ್‌ನಲ್ಲಿ ಯಾರದೋ ಫ್ಲ್ಯಾಟಿನ ಬಾಗಿಲ ಹಿಡಿ, ಒಮ್ಮೆ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರ ಮುಂದಿದ್ದ ಪಂಚಪಾತ್ರೆ. ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಚಿಮ್ಮುವುದು, ತಲೆ ಓರೆ ಮಾಡಿ ಕೇಳುವುದು, ಆಮೇಲೆ ತೀರ್ಪು: “ಗಟ್ಟಿ ಉಂಟು,” ಇಲ್ಲವೇ “ಸೀಳಿದೆ.” ಸಂಕಲ್ಪದ ನಡುವೆ ಪಂಚಪಾತ್ರೆ ಸೀಳಿದೆ ಎಂದು ಅವರು ಘೋಷಿಸಿದಾಗ ಆ ಮನೆಯಾಕೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕರೆದುಕೊಂಡು ಹೋದವನು ನಾನು ತಾನೆ. ಅವರನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಒಂದು ಚಿಂತೆ. ಬಿಟ್ಟು ಹೋದರೆ, ಒಬ್ಬರೇ ಕೂತು ಏನು ಮಾಡುತ್ತಿರುತ್ತಾರೋ ಎಂಬ ಇನ್ನೊಂದು ಚಿಂತೆ.

ಚಿಂತೆ ನನ್ನ ಕಸುಬು. ಆಂಗ್ ಮೋ ಕಿಯೋದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದವನು ನಾನು. ತಗಡನ್ನು ಒತ್ತಿ ಸಣ್ಣ ಸಣ್ಣ ಭಾಗಗಳನ್ನು ಮಾಡುವ ಕಾರ್ಖಾನೆ ಅದು. ಬಂದದ್ದರಲ್ಲಿ ತಪ್ಪು ಹುಡುಕುವುದಕ್ಕೆ ಕಂಪನಿ ಸಂಬಳ ಕೊಡುತ್ತಿತ್ತು. ಅದೇ ಕೆಲಸವನ್ನು ಮನೆಯಲ್ಲಿ ಬಿಟ್ಟಿ ಮಾಡುತ್ತೇನೆಂದು ನನ್ನ ಹೆಂಡತಿಯ ದೂರು. ಹಿತ್ತಾಳೆ ಚಿಮ್ಮುವ ನಮ್ಮ ಸರ್ ಅದೇ ಕಾರ್ಖಾನೆಯಲ್ಲಿ ಡೈ, ಅಂದರೆ ಲೋಹವನ್ನು ಒತ್ತಿ ಆಕಾರ ಕೊಡುವ ಉಕ್ಕಿನ ಅಚ್ಚು, ವಿನ್ಯಾಸ ಮಾಡುವ ಹಿರಿಯ ಎಂಜಿನಿಯರ್. ಕೊಡಗಿನವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗದಗಿನವನಾದ ನನ್ನನ್ನು ಮೊದಲ ದಿನವೇ “ಮಾರಾಯ” ಎಂದು ಕರೆದರು. ನನ್ನ ಹೆಸರನ್ನು ಕೊನೆಯವರೆಗೂ ಬಳಸಿದ್ದು ನೆನಪಿಲ್ಲ.

ಅವರಿಗಿದ್ದದ್ದು ಒಂದೇ ಹಠ. ಊರಿನ ಮನೆಯಲ್ಲಿ ಅವರಜ್ಜನ ಕಾಲದ ಒಂದು ರೈಫಲ್ ಇತ್ತು. ಅದರ ಅಳತೆಗೆ ‘ಪಾಯಿಂಟ್ ಟೂ ಸೆವೆನ್ ಫೈವ್’ ಎನ್ನುತ್ತಾರಂತೆ. ಇವರ ಬಾಯಲ್ಲಿ ಅದು ‘ಇಪ್ಪತ್ತೇಳೂವರೆ’. ಅದಕ್ಕೆ ಬೇಕಾದ ಗುಂಡು ಊರ ಕಡೆ ಎಲ್ಲಿಯೂ ಸಿಗದೆ ಎಷ್ಟೋ ವರ್ಷವಾಗಿತ್ತು. ಅವರ ಭಾವ, ಅಂದರೆ ಅಕ್ಕನ ಗಂಡ, ಗುರಿ ಸ್ಪರ್ಧೆಗಳಿಗೆ ಹೋಗುವವರು. ಗುಂಡಿಗೆ ಮತ್ತೆ ಮದ್ದು ತುಂಬಿಕೊಳ್ಳಲು ಅವರಿಗೆ ಪರವಾನಗಿ ಇತ್ತು, ಮನೆಯಲ್ಲಿ ಅದರ ಯಂತ್ರವೂ ಇತ್ತು. ಆದರೆ ಅವರದು ಬೇರೆ ಅಳತೆಯ ರೈಫಲ್, ‘ಮೂವತ್ತು’. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆ ಇರುತ್ತದಲ್ಲ, ಕೊಡಗಿನವರು ‘ತೋಟೆ’ ಎನ್ನುವುದು, ಅದು ಮೂವತ್ತರದ್ದು ಭಾವನ ಬಳಿ ಡಬ್ಬಿಗಟ್ಟಲೆ ಇತ್ತು. ಎರಡು ತೋಟೆಗಳಿಗೂ ಬುಡ ಒಂದೇ ದಪ್ಪ. ಮೇಲುಗಡೆ ಮಾತ್ರ ಬೇರೆ: ಮೂವತ್ತು ಉದ್ದ, ಅದರ ಕತ್ತು ಅಗಲ, ಇಪ್ಪತ್ತೇಳೂವರೆ ಗಿಡ್ಡ, ಕತ್ತು ಕಿರಿದು. ಉಕ್ಕಿನ ಡೈಯೊಳಗೆ ಒತ್ತಿ ಹೆಗಲನ್ನು ಕೆಳಗಿಳಿಸಿ, ಕತ್ತನ್ನು ಕಿರಿದು ಮಾಡಿ, ಹೆಚ್ಚಾದ ಉದ್ದವನ್ನು ಕತ್ತರಿಸಿಬಿಟ್ಟರೆ ಮೂವತ್ತು ಇಪ್ಪತ್ತೇಳೂವರೆ ಆಗುತ್ತದೆ. ಹೂಜಿಯನ್ನು ಚಿಕ್ಕ ಹೂಜಿ ಮಾಡಿದ ಹಾಗೆ.

“ಅಷ್ಟೇ ಮಾರಾಯ,” ಎನ್ನುತ್ತಿದ್ದರು. ಆ ‘ಅಷ್ಟೇ’ಯಲ್ಲಿ ನನ್ನ ನಾಲ್ಕು ವರ್ಷ ಹೋಯಿತು.

ಅಷ್ಟೊಂದು ಹಠ ಯಾಕೆ ಎಂದರೆ, ಅಣ್ಣ. ಇವರ ಅಣ್ಣ ಸೈನ್ಯದಿಂದ ನಿವೃತ್ತರಾಗಿ ಮನೆಯ ಯಜಮಾನಿಕೆ ನೋಡಿಕೊಳ್ಳುತ್ತಿದ್ದವರು. ಕೊಡಗಿನಲ್ಲಿ ಕೈಲು ಮುಹೂರ್ತದ ಹಬ್ಬಕ್ಕೆ ಮನೆಯ ಕೋವಿಗಳಿಗೆ ಹೂ ಮುಡಿಸಿ ಪೂಜೆ ಮಾಡಿ, ಆಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿಯಿಟ್ಟು ಹೊಡೆಯುತ್ತಾರೆ. ಅಜ್ಜನ ರೈಫಲ್ಲಿನ ಕಟ್ಟಕಡೆಯ ‘ಈಡು’, ಅಂದರೆ ಗುಂಡು, ಹೊಡೆಯುವ ಸರದಿ, ಎಷ್ಟೋ ವರ್ಷದ ಹಿಂದೆ, ಇವರಿಗೆ ಬಂದಿತ್ತು. ಕಾಯಿಗೆ ತಾಗಲಿಲ್ಲ. ಅಲ್ಲಿಂದ ಆಚೆಗೆ ಆ ರೈಫಲ್ ಮೂಕ. ಪ್ರತಿ ಹಬ್ಬಕ್ಕೂ ಅಣ್ಣನ ಫೋನು ಬರುತ್ತಿತ್ತು. ಇವರು ಕೊಡವ ಭಾಷೆಯಲ್ಲಿ ಹೂಂಗುಟ್ಟುತ್ತ ಕೇಳಿ, ಫೋನಿಟ್ಟು ನನಗೆ ಅನುವಾದ ಮಾಡುತ್ತಿದ್ದರು: “ಕಾಯಿ ಇನ್ನೂ ಮರದಲ್ಲೇ ಉಂಟಂತೆ.”

ಈಚೆಗೆ ಅಣ್ಣ ಹೊಸ ರಾಗ ತೆಗೆದಿದ್ದರು. ಹೊಡೆಯದ ಕೋವಿಗಿಂತ ಒನಕೆ ವಾಸಿ. ಇನ್ನೊಂದು ಹಬ್ಬದೊಳಗೆ ಅದು ಸದ್ದು ಮಾಡದಿದ್ದರೆ ನಳಿಗೆಗೆ ಸೀಸ ಹುಯ್ಯಿಸಿ ಗೋಡೆಗೆ ತೂಗುಹಾಕುತ್ತೇನೆ, ಎಂದು. ಒಮ್ಮೆ ಸೀಸ ಹುಯ್ದರೆ ಮುಗಿಯಿತು, ಆ ರೈಫಲ್ಲಿಗೆ ಮತ್ತೆ ಜೀವ ಇಲ್ಲ.

“ಅವ ಹುಯ್ಯಿಸ್ತಾನೆ ಮಾರಾಯ. ಅವನಿಗೆ ಹೇಳಿದ್ದು ಮಾಡದಿದ್ರೆ ಜ್ವರ ಬರ್ತದೆ,” ಎಂದರು. ತಮ್ಮನಿಗೂ ಅದೇ ಕಾಯಿಲೆ ಎಂದು ನಾನು ಹೇಳಲಿಲ್ಲ.

ಈಗ ತೊಡಕು ಏನೆಂದರೆ, ನಾವಿದ್ದದ್ದು ಸಿಂಗಪುರ. ಇಲ್ಲಿ ಒಂದೇ ಒಂದು ಖಾಲಿ ತೋಟೆ ಜೇಬಿನಲ್ಲಿ ಸಿಕ್ಕಿದರೂ ಅದು ಸಣ್ಣ ವಿಷಯವಲ್ಲ. ನಮ್ಮ ಕಾರ್ಖಾನೆಯ ಹುಡುಗರು ಸೈನ್ಯದ ತರಬೇತಿಗೆ ಹೋಗಿ ಬಂದವರು. ಗುಂಡು ಹಾರಿಸುವ ಮೈದಾನದಿಂದ ಹೊರಡುವಾಗ ‘ಗುಂಡೂ ಇಲ್ಲ, ಖಾಲಿಯೂ ಇಲ್ಲ’ ಎಂದು ಒಬ್ಬೊಬ್ಬರೂ ಕೂಗಿ ಹೇಳಿ ಬರಬೇಕಂತೆ. ಹಾಗಾಗಿ ಡೈ ಮಾಡುವುದು ಇಲ್ಲಿ, ಒತ್ತಿ ನೋಡುವುದು ಕೊಡಗಿನಲ್ಲಿ. ಊರಿಗೆ ಹೋಗುವುದು ವರ್ಷಕ್ಕೊಂದು ರಜೆಗೆ. ಕಾಲು ನೋಡದೆ ಚಪ್ಪಲಿ ಹೊಲಿದು, ಅದು ಕಚ್ಚಿತೇ ಎಂದು ತಿಳಿಯಲು ಒಂದು ವರ್ಷ ಕಾಯುವ ವ್ಯವಹಾರ.

“ಅಲ್ಲಿ ಮೈಸೂರಲ್ಲೋ ಬೆಂಗಳೂರಲ್ಲೋ ಯಾರ ಹತ್ರಾನಾದ್ರೂ ಡೈ ಮಾಡಿಸಬಾರದಾ ಸರ್?” ಎಂದು ಎಷ್ಟು ಸಲ ಕೇಳಿದೆನೋ.

“ಇಡೀ ಲೋಕಕ್ಕೆ ಡೈ ಮಾಡಿಕೊಡ್ತೇನೆ. ನನ್ನ ಮನೆಯದ್ದಕ್ಕೆ ಬೇರೆಯವರ ಹತ್ರ ಹೋಗ್ಬೇಕಾ?”

ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವರ ಜೊತೆ ಎಲ್ಲ ಮಾತೂ ಅಲ್ಲಿಗೇ ಮುಗಿಯುತ್ತಿತ್ತು.

ಅವರು ಸುಮ್ಮನೆ ಮಾಡಿಕೊಂಡಿದ್ದರೆ ನಾನು ಸಹಿಸುತ್ತಿದ್ದೆ. ಆದರೆ ಅವರು ಸಿಕ್ಕಲ್ಲೆಲ್ಲ ಅದನ್ನೇ ಮಾತಾಡುತ್ತಿದ್ದರು, ಗಟ್ಟಿಯಾಗಿ. ಎಂಆರ್‌ಟಿ ರೈಲಿನಲ್ಲಿ, ‘ಅನುಮಾನಾಸ್ಪದ ವಸ್ತು ಅಥವಾ ವ್ಯಕ್ತಿ ಕಂಡರೆ ತಿಳಿಸಿ’ ಎಂದು ಧ್ವನಿವರ್ಧಕ ಹೇಳುತ್ತಿರುವಾಗಲೇ ಇವರು ಕಂಬಿ ಹಿಡಿದು, “ಮದ್ದು ಜಾಸ್ತಿ ಆದ್ರೆ ನಳಿಗೆ ಒಡೀತದೆ, ಕಮ್ಮಿ ಆದ್ರೆ...” ಎಂದು ಶುರು ಮಾಡುತ್ತಿದ್ದರು. ಕನ್ನಡ ಯಾರಿಗೆ ತಿಳಿಯುತ್ತದೆ ಎಂಬುದು ಅವರ ಧೈರ್ಯ. ಈ ಊರಿನಲ್ಲಿ ಕನ್ನಡ ಎಲ್ಲಿ ಕೂತಿರುತ್ತದೆ ಎಂದು ಹೇಳಲಾಗುವುದಿಲ್ಲ ಎಂಬುದು ನನ್ನ ಭಯ.

ಆ ಭಯ ಒಂದು ಯುಗಾದಿಗೆ ನಿಜವೂ ಆಯಿತು. ಯಿಶುನ್‌ನಲ್ಲಿ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಎಲ್ಲ ನಮ್ಮವರೇ, ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರ್ ಜನ. ಆ ವರ್ಷಗಳಲ್ಲಿ ಯಾರ ಮನೆಗೆ ಹೋದರೂ ಒಂದೇ ಮಾತು: ಯಾರು ಎಲ್ಲಿ ಸೈಟ್ ಬುಕ್ ಮಾಡಿದರು, ಯಾವ ಕಾಂಡೊ ಎಷ್ಟು ಏರಿತು. ಹೋಳಿಗೆ ಬಡಿಸುವ ಹೊತ್ತಿಗೆ ಇವರು ನನ್ನ ಕಡೆ ತಿರುಗಿ, ಪಂಕ್ತಿಗೆಲ್ಲ ಕೇಳುವಂತೆ, “ಈ ರಜೆಯಲ್ಲಿ ಹೇಗಾದ್ರೂ ಮಾಡಿ ಮೂವತ್ತರ ತೋಟೇನ ಇಪ್ಪತ್ತೇಳೂವರೆಗೆ ಇಳಿಸ್ಲೇಬೇಕು,” ಎಂದರು.

ಎದುರಿಗಿದ್ದ ಯುವಕನೊಬ್ಬ ತುತ್ತು ಬಿಟ್ಟು ತಲೆಯೆತ್ತಿದ. “ಅಂಕಲ್, ಮೂವತ್ತು ಎಕರೆ ತೋಟಾನಾ? ಕಾಫೀನಾ? ಅದರಲ್ಲಿ ಎರಡೂವರೆ ಯಾಕೆ ಬಿಡ್ತೀರಾ? ನಂಗೆ ಹೇಳಿ, ನಾನ್ ತಗೋತೀನಿ.”

“ಬಿಡೋದಲ್ಲ ಮಾರಾಯ. ಜಾಸ್ತಿ ಇರೋದನ್ನ ಕತ್ತರಿಸಿ ಬಿಸಾಡೋದು.”

“ಬಿಸಾಡೋದಾ?”

“ಮತ್ತೆ? ಅದನ್ನ ಎಂತ ಮಾಡ್ಲಿಕ್ಕುಂಟು? ಅದಕ್ಕೆ ಮೊದಲು ಬೆಂಕಿ ಕೊಡ್ಬೇಕು.”

ಹುಡುಗನ ಹೆಂಡತಿ ಸಾರಿನ ಬಟ್ಟಲನ್ನು ಕೆಳಗಿಟ್ಟಳು. “ತೋಟಕ್ಕೆ ಬೆಂಕಿ ಹಾಕ್ತೀರಾ ಅಂಕಲ್?”

“ಕತ್ತಿಗೆ ಮಾತ್ರ. ಬುಡಕ್ಕೆ ಬಿಸಿ ತಾಗಬಾರದು. ಬುಡ ಮೆತ್ತಗಾದ್ರೆ ನನ್ನ ಮುಖಾನೇ ಹಾರ್ತದೆ.”

ನಾನು ಮೇಜಿನಡಿ ಅವರ ಕಾಲು ತುಳಿದೆ. ಅದು ಅವರ ಕಾಲಾಗಿರಲಿಲ್ಲ. ಮನೆಯ ಯಜಮಾನರು ನೋವಿನಿಂದ ನನ್ನ ಕಡೆ ನೋಡಿದರು. “ಹೌದ್ರಿ, ಹೌದ್ರಿ, ತೋಟದ್ದು ಭಾಳ ಸಮಸ್ಯೆ,” ಎಂದು ನಾನು ಕೂಗಿಬಿಟ್ಟೆ. ಅವಸರದಲ್ಲಿ ಗದಗು ಹೊರಬಿದ್ದಿತ್ತು. “ಕಾಂಡಕ್ಕೆ ರೋಗ ಬಂದೈತಿ. ಅದಕ್ಕ ಸುಡೋದು.” ಸರ್ವರೂ ಮರುಗಿದರು. ಯಾರೋ ಕೃಷಿ ವಿಶ್ವವಿದ್ಯಾಲಯದಲ್ಲಿರುವ ತಮ್ಮ ಚಿಕ್ಕಪ್ಪನ ನಂಬರ್ ಕೊಡುತ್ತೇನೆಂದರು.

ಅಂದಿನಿಂದ ಅವರು ನಮ್ಮ ವಲಯಕ್ಕೆಲ್ಲ ‘ತೋಟದ ಅಂಕಲ್’. ಮೂವತ್ತು ಎಕರೆಯ ಸಾಹುಕಾರರು, ಸ್ವಲ್ಪ ತಿಕ್ಕಲು. ಆಮೇಲೆ ಎಲ್ಲಿ ಸಿಕ್ಕಿದರೂ “ಅಂಕಲ್, ಎಲ್ಲೀವರೆಗೆ ಬಂತು?” ಎಂದು ಕೇಳುವವರು. ಅವರು ಪ್ರಾಮಾಣಿಕವಾಗಿ, “ಇನ್ನೂ ಇಳೀಲಿಲ್ಲ. ಹೆಗಲಲ್ಲೇ ಸಿಕ್ಕಿಕೊಳ್ತದೆ,” ಎನ್ನುವರು. ಒಂದು ಅಕ್ಷರದ ಎತ್ವದಲ್ಲಿ ನಮ್ಮಿಬ್ಬರ ಮರ್ಯಾದೆ ತೂಗಾಡುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಅವರು ಎರಡನೆಯ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು.

ಮೊದಲನೆಯ ಡೈಯನ್ನು ಕಾರ್ಖಾನೆಯಲ್ಲಿ ಶನಿವಾರದ ಮಧ್ಯಾಹ್ನಗಳಲ್ಲಿ, ಬಿಸಾಡುವ ಉಕ್ಕಿನ ತುಂಡಿನಲ್ಲಿ ಮಾಡಿದರು. ಅಳತೆ ನೋಡಿಕೊಡುವುದು ನನ್ನ ಪಾಲಿಗೆ. ಡೈ ನನ್ನ ಅಳತೆಯ ಯಂತ್ರದ ಮೇಲಿದ್ದಾಗಲೇ ನಮ್ಮ ಚೀನೀ ಮ್ಯಾನೇಜರ್ ಬಂದು ಅದರ ತೂತಿನೊಳಗೆ ಇಣುಕಿದರು. “ದಿಸ್ ವನ್ ವಾಟ್ ಜಾಬ್, ಆಹ್?” ಇವರು ತಣ್ಣಗೆ, “ಪ್ರೇಯರ್ ಐಟಂ,” ಎಂದರು. “ಫಾರ್ ಮೈ ವಿಲೇಜ್ ಫೆಸ್ಟಿವಲ್.” ಮ್ಯಾನೇಜರ್ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡು, ಕ್ಷಮೆ ಕೇಳಿ, “ಒಕೆ ಒಕೆ, ಕ್ಯಾನ್,” ಎಂದು ಹೊರಟೇಹೋದರು. ಈ ದೇಶದಲ್ಲಿ ದೇವರ ಕೆಲಸಕ್ಕೆ ಯಾರೂ ಅಡ್ಡ ಬರುವುದಿಲ್ಲ. ಸುಳ್ಳು ಹೇಳಿದಿರಲ್ಲ ಸರ್ ಎಂದು ನಾನು ನಡುಗಿದರೆ, “ಯಾವುದು ಸುಳ್ಳು? ಕೋವಿಗೆ ಪೂಜೆ ಮಾಡುದಿಲ್ವಾ ನಾವು?” ಎಂದು ನನಗೇ ದಬಾಯಿಸಿದರು.

ಆ ರಜೆ ಮುಗಿಸಿ ಬಂದವರು ವಿಮಾನ ನಿಲ್ದಾಣದಿಂದ ನೇರ ನಮ್ಮ ಮನೆಗೇ ಬಂದರು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ತೋಟೆ ಹೇಗೆ ಕೆಟ್ಟಿತು ಎಂದು ಮಾತಿನಲ್ಲಿ ಹೇಳಲು ಹೋಗಿ ಆಗದೆ, ಸೀದಾ ಅಡುಗೆಮನೆಗೆ ನುಗ್ಗಿ ನಾದಿಟ್ಟಿದ್ದ ಚಪಾತಿ ಹಿಟ್ಟಿನಲ್ಲಿ ಒಂದು ಮುಷ್ಟಿ ಕಿತ್ತುಕೊಂಡು ಮೇಜಿನ ಮೇಲೆ ತೋಟೆ ಮಾಡತೊಡಗಿದರು.

“ಅಂಕಲ್, ಅದು ಊಟದ ಹಿಟ್ರಿ!” ಎಂದಳು ನನ್ನ ಹೆಂಡತಿ.

“ಒಂದು ಚಪಾತಿ ಕಮ್ಮಿ ತಿಂತೇನೆ ತಂಗಿ. ಇಲ್ಲಿ ನೋಡು ಮಾರಾಯ, ಹೆಗಲು. ಇಲ್ಲಿ ಗುಳಿ ಬಿತ್ತು. ಹೀಗೆ.” ಹೆಬ್ಬೆರಳಿನಿಂದ ಒತ್ತಿದರು. “ಜಾರ್ಲಿಕ್ಕೆ ಹಚ್ಚಿದ ಎಣ್ಣೆ ಜಾಸ್ತಿ ಆಯ್ತು. ಡೈಯೊಳಗೆ ಎಣ್ಣೆಗೆ ಹೋಗ್ಲಿಕ್ಕೆ ಜಾಗ ಇಲ್ಲ. ಹಿತ್ತಾಳೇನ ತಳ್ಳಿತು.”

ಅವರು ಮಾಡಿದ್ದನ್ನು ನನ್ನ ಮಗಳು ತಿರುಗಿಸಿ ನೋಡಿದಳು. “ಅಪ್ಪಾ, ಅಂಕಲ್ ಬಾಟಲ್ ಮಾಡಿದ್ದಾರೆ ಲಾ. ಬಟ್ ಸ್ಪಾಯಿಲ್ ಆಗಿದೆ.”

“ನೋಡು, ಮಗುಗೂ ಗೊತ್ತಾಯ್ತು,” ಎಂದರು ಅವರು ಬಹಳ ಬೇಸರದಿಂದ.

ಎಣ್ಣೆ ಹೊರಹೋಗಲು ಒಂದು ಸೂಜಿ ರಂಧ್ರ ಬಿಡಬೇಕಿತ್ತು ಎಂದು ನಾನು ಮೊದಲೇ ಹೇಳಿದ್ದೆ. ಹೇಳಿದ್ದೆನೆಂದು ಈಗ ಜ್ಞಾಪಿಸಿದೆ. ಅವರು ಹಿಟ್ಟನ್ನು ಮುದ್ದೆ ಮಾಡಿ ಪಾತ್ರೆಗೆ ಹಾಕಿದರು. “ನೀನು ನೂರು ಹೇಳ್ತೀಯ. ಅದರಲ್ಲಿ ಯಾವುದನ್ನ ಕೇಳ್ಬೇಕು ಅಂತ ಹೇಳೋದಿಲ್ಲ.” ಇದು ನ್ಯಾಯವಾದ ಮಾತು. ಆ ಡೈ ಒಂದಕ್ಕೇ ನಾನು ಹದಿನೈದು ಬಗೆಯ ಅನಾಹುತಗಳನ್ನು ಮುಂದಾಗಿ ಊಹಿಸಿ ಹೇಳಿದ್ದೆ. ಒಂದು ನಿಜವಾಯಿತೆಂದು ಬೀಗುವುದು ಜ್ಯೋತಿಷಿಗಳ ಪದ್ಧತಿ.

ಮರುವರ್ಷ ರಂಧ್ರ ಬಿಟ್ಟ ಡೈ ಹೋಯಿತು. ಹೆಗಲು ಸರಿಯಾಯಿತು, ಕತ್ತು ಸೀಳಿತು. ಬೆಂಕಿ ಕೊಟ್ಟು ಮೆತ್ತಗೆ ಮಾಡುವ ಕೆಲಸವನ್ನು ಅವಸರದಲ್ಲಿ ಭಾವ ಅರ್ಧಂಬರ್ಧ ಮಾಡಿದ್ದರಂತೆ. “ಹಿತ್ತಾಳೆ ಮನುಷ್ಯರ ಹಾಗೆ ಮಾರಾಯ. ಒತ್ತಿದಷ್ಟೂ ಬಿರುಸಾಗ್ತದೆ. ನಡುವಲ್ಲಿ ಒಮ್ಮೆ ಬೆಚ್ಚಗೆ ಮಾಡದಿದ್ರೆ ಸೀಳ್ತದೆ.” ಈ ಮಾತನ್ನು ನಾನು ಮ್ಯಾನೇಜರಿಗೆ ನಮ್ಮ ಬೋನಸ್ಸಿನ ಸಂದರ್ಭದಲ್ಲಿ ಹೇಳಿ ನೋಡಿದೆ. ಪ್ರಯೋಜನವಾಗಲಿಲ್ಲ.

ಅಣ್ಣ ಆ ಸಲ ಸೀಸ ಕಾಯಿಸುವವನನ್ನು ಮನೆಗೇ ಕರೆಸಿದ್ದರಂತೆ. ಇವರು ಅಂಗಳದಲ್ಲಿ ನಿಂತು, ಇನ್ನೊಂದು ವರ್ಷ, ಒಂದೇ ಒಂದು ವರ್ಷ ಎಂದು ಕೇಳಿಕೊಂಡರಂತೆ. ಇದನ್ನು ಹೇಳುವಾಗ ನಾವು ಕಾರ್ಖಾನೆಯ ಹತ್ತಿರದ ಹಾಕರ್ ಸೆಂಟರಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆವು. “ಅಣ್ಣನ ಮುಂದೆ ಹಾಗೆ ನಿಂತದ್ದು ಅದೇ ಮೊದಲು,” ಎಂದು ಲೋಟವನ್ನು ಉಗುರಿನಿಂದ ಚಿಮ್ಮಿದರು. ಪಿಂಗಾಣಿ ಲೋಟ. ಏನೂ ಹೇಳಲಿಲ್ಲ ಅದು.

ನನಗೆ ರೇಗಿತು. “ಒಂದು ಕೋವಿ ಸರ್! ಬಿಟ್ಟುಬಿಡಿ. ಸೀಸ ಹಾಕ್ಲಿ, ಗೋಡೆ ಮೇಲೆ ಚೆನ್ನಾಗಿ ಕಾಣತ್ತೆ. ನಿಮಗೆ ಬಿಪಿ, ನನಗೆ ಬಿಪಿ, ಯಾವನೋ ಎರಡೂವರೆ ಎಕರೆಗೆ ದಿನಾ ಫೋನ್ ಮಾಡ್ತಾನೆ...”

ಅವರು ಉಳಿದ ಕಾಫಿ ಕುಡಿದು ಮುಗಿಸಿದರು. ಆಮೇಲೆ, “ನಂಗೆ ಕಾಯಿ ಬೀಳಿಸ್ಬೇಕಂತ ಇಲ್ಲ ಮಾರಾಯ,” ಎಂದರು. “ಕಡೆಯ ಈಡು ನಂದು, ತಪ್ಪಿದ್ದು. ಆ ಕೋವಿ ಅದನ್ನೇ ಕಡೆಯದ್ದು ಅಂತ ಇಟ್ಕೊಂಡು ಕೂತಿದೆ. ಇನ್ನೊಂದು ಈಡು ಆಗ್ಲಿ. ಯಾರು ಹೊಡೆದ್ರೂ ಆದೀತು. ಆಮೇಲೆ ಸೀಸ ಬೇಕಾದ್ರೆ ನಾನೇ ಹುಯ್ತೇನೆ.”

ಆ ಸೋಮವಾರವೇ ಮೂರನೆಯ ಡೈಯ ಅಳತೆ ತೆಗೆದೆವು. ಚಿಂತೆಗೆ ಹೊಸ ಸಾಮಗ್ರಿ ಬೇಕಲ್ಲ.

ಮೂರನೆಯದರಲ್ಲಿ ಎಲ್ಲ ಸರಿ, ಹೆಗಲೂ ಸರಿ, ಸೀಳೂ ಇಲ್ಲ. ಆದರೆ ತೋಟೆ ಕೋವಿಯೊಳಗೆ ಹೋಗಲಿಲ್ಲ. ಮೂವತ್ತರ ಹೆಗಲಿದ್ದ ಜಾಗದ ದಪ್ಪ ಹಿತ್ತಾಳೆ ಇಪ್ಪತ್ತೇಳೂವರೆಯ ಕತ್ತಾಗಿ ಕೂತಿತ್ತು. ಹಾಗೇ ತುರುಕಿ ಹೊಡೆದರೆ ಗುಂಡು ಕತ್ತಿನಲ್ಲೇ ಸಿಕ್ಕಿ ರೈಫಲ್ ಸಿಡಿಯಬಹುದು. ಕತ್ತಿನ ಒಳಗಿನಿಂದ ಕೂದಲೆಳೆಯಷ್ಟು ಕೆರೆದು ತೆಗೆಯಲು ಇನ್ನೊಂದು ಉಪಕರಣ ಬೇಕು. ಇದನ್ನು ಮಾತ್ರ ನಾನು ಮುಂದಾಗಿ ಹೇಳಿರಲಿಲ್ಲ. ಇಷ್ಟೆಲ್ಲ ಚಿಂತಿಸುವವನಿಗೆ ಚಿಂತಿಸಬೇಕಾದದ್ದೇ ಹೊಳೆದಿರಲಿಲ್ಲ.

ಆಕಾರವಾದರೂ ಬಂತಲ್ಲ ಎಂದು ಅಣ್ಣ ಸೀಸವನ್ನು ಇನ್ನೊಂದು ಹಬ್ಬಕ್ಕೆ ಮುಂದೂಡಿದರಂತೆ. ಆ ಕೆರೆಯುವ ಉಪಕರಣ ಮುಗಿಯುವ ಹೊತ್ತಿಗೆ ಅವರ ಕೆಲಸದ ಪಾಸ್ ಮುಗಿದಿತ್ತು. ವಯಸ್ಸಾಯಿತೆಂದು ಕಂಪನಿ ಮುಂದುವರಿಸಲಿಲ್ಲ. ಅವರಿಗೆ ಅದರ ದುಃಖವೇನೂ ಕಾಣಲಿಲ್ಲ. ಇನ್ನು ಮೇಲೆ ಡೈ, ತೋಟೆ, ತಾನು, ಮೂವರೂ ಒಂದೇ ಊರಿನಲ್ಲಿರಬಹುದೆಂಬ ಖುಷಿ. ಬೀಳ್ಕೊಡುಗೆಯಲ್ಲಿ ಆ ಸಾಫ್ಟ್‌ವೇರ್ ಹುಡುಗ ಬಂದು, “ಅಂಕಲ್, ಕೊನೇ ಸಲ ಕೇಳ್ತಿದೀನಿ, ಆ ಎರಡೂವರೆ...” ಎಂದ. ಅವರು ಅವನ ಹೆಗಲ ಮೇಲೆ ಕೈಯಿಟ್ಟು, “ಈ ಸಲ ಇಳೀತದೆ ಮಾರಾಯ. ಇಳಿದ ಮೇಲೆ ಕತ್ತರಿಸಿದ್ದನ್ನ ನಿಂಗೇ ಕಳಿಸ್ತೇನೆ, ಡಬ್ಬಿಯಲ್ಲಿ ಹಾಕಿ,” ಎಂದರು. ಅವನು ಇದನ್ನು ಏನೆಂದು ತಿಳಿದನೋ, ಭಾವುಕನಾಗಿ ಅವರ ಕಾಲಿಗೆ ನಮಸ್ಕಾರ ಮಾಡಿದ.

ಊರಿನಿಂದ ಒಂದೇ ಸಲ ಫೋನು ಮಾಡಿದರು. ಮಳೆಗಾಲ. ದನಿಗೆ ಹತ್ತು ವರ್ಷ ಕಡಿಮೆಯಾಗಿತ್ತು. “ಕೂತಿತು ಮಾರಾಯ! ತೋಟೆ ಕೂತಿತು. ಬೆಣ್ಣೆಯ ಹಾಗೆ. ಹತ್ತು ತುಂಬಿಸಿ ಇಟ್ಟಿದ್ದೇವೆ.”

“ಹೊಡೆದು ನೋಡಿದ್ರಾ?”

“ಅಣ್ಣ ಬಿಡ್ಬೇಕಲ್ಲ. ಹಬ್ಬ ಬರ್ಲಿ, ಪೂಜೆ ಆಗ್ಲಿ, ಎಲ್ಲರ ಮುಂದೆ ಆಗ್ಲಿ ಅಂತಾನೆ. ಇನ್ನೆಂತ, ಬಂದೇಬಿಡ್ತು ಹಬ್ಬ.”

ಒಂದನ್ನಾದರೂ ಹೊಡೆದು ಪರೀಕ್ಷಿಸಿ, ಪರೀಕ್ಷೆ ಮಾಡದೆ ಯಾವುದನ್ನೂ ಹೊರಗೆ ಬಿಡಬಾರದು, ಎಂದು ನಾನು ಉಪದೇಶ ಶುರುಮಾಡಿದೆ. ಅವರು ನಕ್ಕು ಫೋನಿಟ್ಟರು.

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಕೆಲಸದ ನಡುವೆ ನನಗೆ ಭಾವನ ಫೋನು ಬಂತು. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ನಿಮ್ಮ ಸ್ನೇಹಿತರು ಹೋಗಿಬಿಟ್ಟರು, ಎಂದರು. ಮೊನ್ನೆ ಬೆಳಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತವರು ಏಳಲಿಲ್ಲವಂತೆ. ಸಂಸ್ಕಾರವೆಲ್ಲ ನಿನ್ನೆಯೇ ಮುಗಿಯಿತಂತೆ.

ನಾನು ಅಳತೆಯ ಯಂತ್ರ ಆರಿಸಿ ಹೊರಗೆ ಬಂದೆ. ಆಗ ಭಾವನೇ ಹೇಳಿದರು: “ನಮ್ಮಲ್ಲಿ ಸಾವಾದ್ರೆ ಅಂಗಳದಲ್ಲಿ ಎರಡು ಈಡು ಹೊಡೀತೇವೆ, ಬೆನ್ನುಬೆನ್ನಿಗೆ. ಸುತ್ತಿನವರಿಗೆ ಗೊತ್ತಾಗ್ಲಿಕ್ಕೆ. ಬೇರೆ ಕೋವಿ ಇತ್ತು. ಅಣ್ಣ ಅದನ್ನ ಮುಟ್ಟಲಿಲ್ಲ. ಒಳಗೆ ಹೋಗಿ ಅಜ್ಜನ ಕೋವಿ ತಂದ್ರು, ಇವ ಮಾಡಿಟ್ಟ ತೋಟೆ ಹಾಕಿದ್ರು.”

“ಆಯ್ತಾ?”

“ಒಂದು ಆಯ್ತು. ಒಳ್ಳೇ ಸದ್ದು. ಎರಡನೇದಕ್ಕೆ ಟ್ರಿಗರ್ ಎಳೆದ್ರೆ ಟಿಕ್ ಅಂತಷ್ಟೆ.”

ನನ್ನ ಬಾಯಿಂದ ಬಂದದ್ದು ಸಂತಾಪವಲ್ಲ. “ಕತ್ತು ಸೀಳಿತ್ತಾ?” ಎಂದು ಕೇಳಿದೆ.

“ಇಲ್ಲ ಇಲ್ಲ. ಕತ್ತು ಸರಿ ಉಂಟು, ಹೆಗಲು ಸರಿ ಉಂಟು. ಬುಡದಲ್ಲಿ ಕಿಡಿ ಹಾರಿಸುವ ಕೇಪಿಗೆ ಮಳೆಗಾಲದ ಥಂಡಿ ಹಿಡಿದಿತ್ತು. ತೋಟೇದು ತಪ್ಪಿಲ್ಲ.”

“ಆಮೇಲೆ?”

“ಅಣ್ಣ ಆ ತೋಟೆ ತೆಗೆದ್ರು. ಇನ್ನೊಂದು ತೋಟೆ ಹಾಕ್ಲಿಕ್ಕೆ ನೋಡ್ತಾ ನಿಂತ್ರು. ಬೇರೆಯವರಿಗೆ ಕೊಡ್ಲಿಲ್ಲ. ನಮ್ಮಲ್ಲಿ ಒಂದೇ ಈಡು ಅಂದ್ರೆ ಗಂಡು ಮಗು ಹುಟ್ಟಿದ ಲೆಕ್ಕ. ಅಷ್ಟರಲ್ಲಿ ಕೆಳಗಿನ ಮನೆ ಅಜ್ಜಿ ನಗ್ತಾ ಬಂದ್ರು, ಪಾಪ, ಒಂದೇ ಕೇಳಿದ್ದಲ್ವಾ. ಗೇಟಿನಿಂದಲೇ, ‘ಯಾರಿಗೆ ಗಂಡು ಮಗು?’ ಅಂತ ಕೇಳಿದ್ರು.”

“ಅಣ್ಣ ಏನಂದ್ರು?”



“ತಮ್ಮನನ್ನ ಮಲಗಿಸಿದ್ದ ಕಡೆ ನೋಡಿ, ‘ನಮ್ಮ ಅವ್ವನಿಗೆ’ ಅಂದ್ರು.”